‘ಶ್ಯೂರ್ಲಿ’ ಎಂದವರಿಗೆ ನಿಜಕ್ಕೂ ಖಾತ್ರಿ ಇದೆಯೇ?

ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಶ್ಯೂರ್ಲಿ’ ಎಂಬ ಕ್ರಿಯಾವಿಶೇಷಣವನ್ನು ಹುಡುಕಿದರೆ ಖಂಡಿತವಾಗಿ, ನಿಶ್ಚಯವಾಗಿ, ನಿಸ್ಸಂದೇಹವಾಗಿ ಎಂಬ ಅರ್ಥಗಳು ಸಾಲಾಗಿ ಸಿಗುತ್ತವೆ. ‘ಸರ್ಟನ್ಲಿ’ ಮತ್ತು ‘ಡೆಫಿನೆಟ್ಲಿ’ಗಳನ್ನು ಹುಡುಕಿದರೂ ಹೆಚ್ಚುಕಡಿಮೆ ಇದೇ ಸಾಲು. ಹೀಗಾಗಿ ಮೂರೂ ಒಂದೇ ಎಂದುಕೊಂಡು, ಬಾಯಿಗೆ ಯಾವುದು ಮೊದಲು ಬರುತ್ತದೆಯೋ ಅದನ್ನು ಬಳಸುವುದು ನಮ್ಮಲ್ಲಿ ರೂಢಿಯಾಗಿದೆ. ಇತರರು ಬರೆದ ಇಂಗ್ಲಿಷ್ ಪತ್ರಗಳನ್ನೂ ದಾಖಲೆಗಳನ್ನೂ ತಿದ್ದುವುದು ನನ್ನ ಹೊಟ್ಟೆಪಾಡಿನ ಕೆಲಸವಾದ್ದರಿಂದ ಈ ಮೂರನ್ನೂ ದಿನವಿಡೀ ನೋಡುತ್ತಿರುತ್ತೇನೆ, ಮತ್ತು ಇವುಗಳಲ್ಲಿ ಅತಿ ಹೆಚ್ಚು ಅನರ್ಥಕ್ಕೆ ಎಡೆಮಾಡುವುದು ‘ಶ್ಯೂರ್ಲಿ’ ಎಂದು ಹೇಳಬಲ್ಲೆ. ಇಂದಿನ ಇಂಗ್ಲಿಷಿನಲ್ಲಿ, ಅದರಲ್ಲೂ ಬ್ರಿಟಿಷರ ಇಂಗ್ಲಿಷಿನಲ್ಲಿ, ಈ ಪದ ಬಹುತೇಕ ಕಡೆ ಖಾತ್ರಿಯನ್ನು ಕೊಡುವುದಿಲ್ಲ. ಎದುರಿಗಿರುವವರಿಂದ ಖಾತ್ರಿಯನ್ನು ಕೇಳುತ್ತದೆ.

‘ಹಿ ಹ್ಯಾಸ್ ಸರ್ಟನ್ಲಿ ಪೇಯ್ಡ್ ದ ಬಿಲ್’ ಎಂದರೆ ಅವನು ಬಿಲ್ ಕಟ್ಟಿದ್ದಾನೆ, ಅದರಲ್ಲಿ ಅನುಮಾನವಿಲ್ಲ ಎಂದರ್ಥ. ಹೇಳುವವನ ಕೈಯಲ್ಲಿ ರಸೀದಿ ಇದ್ದರೂ ಇರಬಹುದು. ಅದೇ ವಾಕ್ಯದ ಮುಂದೆ ‘ಶ್ಯೂರ್ಲಿ’ ಇಟ್ಟು ‘ಶ್ಯೂರ್ಲಿ ಹಿ ಹ್ಯಾಸ್ ಪೇಯ್ಡ್ ದ ಬಿಲ್’ ಎಂದರೆ ಅರ್ಥ ಬೇರೆಯಾಗುತ್ತದೆ. ಕಟ್ಟಿದ್ದಾನೆ ತಾನೆ, ಕಟ್ಟಿರಲೇಬೇಕಲ್ಲ, ಇಷ್ಟು ದಿನವಾದರೂ ಕಟ್ಟಿಲ್ಲ ಎಂದರೆ ನಂಬುವುದು ಹೇಗೆ ಎಂಬ ಧ್ವನಿ ಅದರಲ್ಲಿದೆ. ಹೇಳುವವನು ರಸೀದಿಯನ್ನು ನೋಡಿಲ್ಲ. ನೋಡಿದ್ದರೆ ‘ಶ್ಯೂರ್ಲಿ’ ಎನ್ನುತ್ತಿರಲಿಲ್ಲ. ಬ್ರಿಟಿಷ್ ಬರಹಗಾರರು ಇಂಥ ವಾಕ್ಯದ ಪದಗಳನ್ನು ಪ್ರಶ್ನೆಯಂತೆ ಹಿಂದುಮುಂದು ಮಾಡದೆಯೇ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟುಬಿಡುವುದುಂಟು, ಅದು ಸರಿಯಾಗಿಯೇ ಇದೆ. ನಕಾರದಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ‘ಸರ್ಟನ್ಲಿ ನಾಟ್’ ಎಂಬುದು ಕದ ಮುಚ್ಚುವ ಮಾತು: ಸಾಧ್ಯವೇ ಇಲ್ಲ, ಬೇಡವೇ ಬೇಡ. ‘ಶ್ಯೂರ್ಲಿ ನಾಟ್’ ಎಂಬುದು ಹುಬ್ಬೇರಿಸುವ ಮಾತು: ಛೇ, ಹಾಗಿರಲಾರದು, ನಿಜವೇ?

ಕನ್ನಡದಲ್ಲಿ ಈ ಕೆಲಸವನ್ನು ಒಂದು ಬಿಡಿ ಪದಕ್ಕೆ ವಹಿಸಿಲ್ಲ. ‘ತಾನೆ’, ‘ಅಲ್ಲವೇ’, ‘ಅಲ್ಲ’ ಎಂಬ ಬಾಲಗಳು, ‘ಇರಲೇಬೇಕು’, ‘ಇರಲಾರದು’ ಎಂಬ ಕ್ರಿಯಾರೂಪಗಳು, ಜೊತೆಗೆ ಹೇಳುವ ರಾಗ, ಇವು ಸೇರಿ ಅದನ್ನು ನಿಭಾಯಿಸುತ್ತವೆ. ‘ಊಟ ಆಯ್ತು ತಾನೆ?’ ಎಂದು ಕೇಳುವ ಅತ್ತೆಗೆ ಊಟ ಆಗಿರಬೇಕು ಎಂಬ ನಿರೀಕ್ಷೆ ಇದೆ, ಆಗಿದೆ ಎಂಬ ಖಾತ್ರಿ ಇಲ್ಲ, ಮತ್ತು ಆಗಿಲ್ಲ ಎಂದರೆ ಒಂದಿಷ್ಟು ಬೇಸರವಾಗುತ್ತದೆ ಎಂಬ ಸೂಚನೆಯೂ ಇದೆ. ಈ ಮೂರೂ ಸೇರಿದ್ದೇ ‘ಶ್ಯೂರ್ಲಿ’. ಹೀಗಾಗಿ ಈ ಪದವನ್ನು ‘ಖಂಡಿತವಾಗಿ’ ಎಂದು ಅನುವಾದಿಸುವವರು ಹತ್ತರಲ್ಲಿ ಏಳೆಂಟು ಕಡೆ ಮೂಲದ ಅನುಮಾನವನ್ನು ಅಳಿಸಿ ಅದರ ಜಾಗದಲ್ಲಿ ಪ್ರಮಾಣವಚನವನ್ನು ಕೂರಿಸಿರುತ್ತಾರೆ ಎಂಬುದು ನನ್ನ ಅಂದಾಜು.

ಇದರಿಂದ ಏನಾಗಬಹುದು ಎಂಬುದಕ್ಕೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ನಾನೇ ಕಂಡ ಪತ್ರವ್ಯವಹಾರವನ್ನು ಹೇಳಬೇಕು. ಬಿಡುಗಡೆಯಾದ ಮರುದಿನವೇ ಕೈಕೊಟ್ಟ ಒಂದು ತಂತ್ರಾಂಶದ ಬಗ್ಗೆ ಇಂಗ್ಲೆಂಡಿನ ಗ್ರಾಹಕರು ಒಂದೇ ಸಾಲಿನ ಮೇಲ್ ಕಳಿಸಿದ್ದರು: ‘ಶ್ಯೂರ್ಲಿ ದಿಸ್ ವಾಸ್ ಟೆಸ್ಟೆಡ್ ಬಿಫೋರ್ ರಿಲೀಸ್?’ ಅಂದರೆ, ಹೊರಬಿಡುವ ಮೊದಲು ಇದನ್ನು ಪರೀಕ್ಷಿಸುವ ಕನಿಷ್ಠ ಕಾಳಜಿಯನ್ನಾದರೂ ತೋರಿಸಿದ್ದೀರಿ ತಾನೆ? ಸಭ್ಯವಾದ ಭಾಷೆಯಲ್ಲಿ ಇದಕ್ಕಿಂತ ಕಟುವಾಗಿ ಬೈಯುವುದು ಕಷ್ಟ. ನಮ್ಮ ಕಡೆಯ ಹುಡುಗ, ಕೆಲಸದಲ್ಲಿ ಬಹಳ ಚುರುಕಾದವನು, ಎರಡು ನಿಮಿಷದಲ್ಲಿ ಉತ್ತರಿಸಿದ: ‘ಎಸ್ ಸರ್, ಶ್ಯೂರ್ಲಿ.’ ಗ್ರಾಹಕರು ವಿಷಯವನ್ನು ತಾವಾಗಿಯೇ ಬಲ್ಲರು, ಬರೀ ದೃಢಪಡಿಸಿಕೊಳ್ಳುತ್ತಿದ್ದಾರೆ ಎಂದು ಅವನು ಓದಿಕೊಂಡಿದ್ದ. ಆ ಕಡೆಯವರಿಗೆ ಇದು ಉದ್ಧಟತನವೆಂದು ಕಂಡಿತು, ಮ್ಯಾನೇಜರ್ ಮಟ್ಟದಲ್ಲಿ ಫೋನುಗಳು ಓಡಾಡಿದವು. ಹುಡುಗನನ್ನು ಬೈದವರ ಪೈಕಿ ಒಬ್ಬರಿಗೂ ಅವನು ಏಕೆ ಹಾಗೆ ಬರೆದನೆಂಬುದು ಹೊಳೆಯಲಿಲ್ಲ, ಏಕೆಂದರೆ ಅವರೂ ಆ ಪದವನ್ನು ಹಾಗೆಯೇ ಬಳಸುವವರು.

ಭಾರತೀಯ ಇಂಗ್ಲಿಷಿನಲ್ಲಿ ‘ಶ್ಯೂರ್ಲಿ’ ಎಂಬುದು ಮುಖ್ಯವಾಗಿ ಮಾತು ಕೊಡುವ ಪದ. ‘ಐ ವಿಲ್ ಶ್ಯೂರ್ಲಿ ಕಮ್’ ಎಂದಾಗ ನಾವು ಹೇಳುತ್ತಿರುವುದು ‘ಖಂಡಿತ ಬರ್ತೀನಿ’ ಎಂಬುದನ್ನೇ. ಹಿಂದಿಯವರು ‘ಜರೂರ್ ಆವೂಂಗಾ’ ಎಂಬುದನ್ನು ಹೀಗೆಯೇ ಇಂಗ್ಲಿಷಿಗೆ ತರುತ್ತಾರೆ. ಇದೇ ಜಾಗದಲ್ಲಿ ಇಂಗ್ಲೆಂಡಿನವರು ‘ಡೆಫಿನೆಟ್ಲಿ’ ಎನ್ನುತ್ತಾರೆ, ಅಮೆರಿಕದವರು ‘ಫಾರ್ ಶ್ಯೂರ್’ ಎಂದಾರು. ನಮ್ಮ ಬಳಕೆಯನ್ನು ತಪ್ಪೆಂದು ಗೆರೆ ಎಳೆಯುವ ಉತ್ಸಾಹ ನನಗಿಲ್ಲ. ಕೋಟ್ಯಂತರ ಜನ ಒಂದೇ ರೀತಿಯಲ್ಲಿ ಬಳಸಿ ಪರಸ್ಪರ ಸರಿಯಾಗಿ ಅರ್ಥಮಾಡಿಕೊಳ್ಳುವ ಪದ ಆ ಜನರ ಮಟ್ಟಿಗೆ ಸರಿಯಾದದ್ದೇ. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವ ಪತ್ರದಲ್ಲಿ ಅದು ಹಾಗೇ ಇರಲಿ ಎಂದು ಬಿಡುತ್ತೇನೆ. ಕಡಲು ದಾಟುವ ಪತ್ರದಲ್ಲಿ ಮಾತ್ರ ತಿದ್ದುತ್ತೇನೆ, ಏಕೆಂದರೆ ಅಲ್ಲಿ ಓದುವವರು ಅದನ್ನು ತಮ್ಮ ಅರ್ಥದಲ್ಲೇ ಓದುತ್ತಾರೆ. ‘ಯು ವಿಲ್ ಶ್ಯೂರ್ಲಿ ಗೆಟ್ ದ ರಿಫಂಡ್’ ಎಂದು ನಾವು ಧೈರ್ಯ ತುಂಬಲು ಬರೆದರೆ, ‘ರಿಫಂಡ್ ಬರಬಹುದು ಅನ್ನಿಸುತ್ತೆ, ಬರದೆ ಇರುತ್ತದೆಯೇ?’ ಎಂಬ ಅರೆಮನಸ್ಸಿನ ಮಾತು ಅವರಿಗೆ ಕೇಳಿಸುತ್ತದೆ.

ನಮ್ಮ ‘ಖಂಡಿತ’ವೂ ಸಾಚಾ ಉಳಿದಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮದುವೆಯ ಕರೆಯೋಲೆ ಹಿಡಿದು ಬಂದವರು ‘ಖಂಡಿತ ಬರಬೇಕು, ಮನೆಮಂದಿಯೆಲ್ಲ ಬರಬೇಕು’ ಎನ್ನುತ್ತಾರೆ, ಕರೆಯಿಸಿಕೊಂಡವರು ‘ಖಂಡಿತ, ಖಂಡಿತ’ ಎನ್ನುತ್ತಾರೆ, ಆಮೇಲೆ ಅಡುಗೆಯವರಿಗೆ ಎಲೆಯ ಲೆಕ್ಕ ಕೊಡುವಾಗ ಕರೆದವರು ಆ ಖಂಡಿತಗಳಲ್ಲಿ ಎಷ್ಟನ್ನು ನಂಬಬೇಕೋ ಅಷ್ಟನ್ನೇ ನಂಬುತ್ತಾರೆ. ಸಂಸ್ಕೃತದಲ್ಲಿ ‘ಖಂಡಿತ’ವೆಂದರೆ ಕತ್ತರಿಸಿದ್ದು, ತುಂಡಾದದ್ದು. ಕನ್ನಡಕ್ಕೆ ಬಂದು ಅದು ಕತ್ತರಿಸಿಟ್ಟಷ್ಟು ಸ್ಪಷ್ಟವಾದದ್ದು, ಇನ್ನು ಚರ್ಚೆ ಉಳಿಯದ್ದು ಎಂಬ ಅರ್ಥ ಪಡೆಯಿತು. ‘ಖಂಡತುಂಡವಾಗಿ ಹೇಳಿದ’, ‘ಕಡ್ಡಿ ಮುರಿದಂತೆ ಹೇಳಿದ’ ಎಂಬ ಮಾತುಗಳಲ್ಲೂ ಇದೇ ಕತ್ತರಿಸುವ, ಮುರಿಯುವ ಕ್ರಿಯೆಯೇ ಇದೆ. ಕತ್ತರಿಸಿ ಮುಗಿಸಬೇಕಾದ ಪದ ಉಪಚಾರದ ಪದವಾದುದಕ್ಕೆ ನಾವು ಯಾರನ್ನೂ ದೂರಬೇಕಿಲ್ಲ. ಖಾತ್ರಿಯನ್ನು ಸೂಚಿಸುವ ಪದಗಳು ಎಲ್ಲ ಭಾಷೆಗಳಲ್ಲೂ ಬಳಸಿ ಬಳಸಿ ಸವೆಯುತ್ತವೆ, ಅವುಗಳ ಜಾಗಕ್ಕೆ ‘ಗ್ಯಾರಂಟಿ’, ‘ಪಕ್ಕಾ’ ಎಂಬ ಹೊಸಬರು ಬರುತ್ತಾರೆ, ಅವೂ ಸವೆಯುತ್ತವೆ.

ಇಂಗ್ಲಿಷಿನ ಮೂರು ಪದಗಳ ಹುಟ್ಟನ್ನು ನೋಡಿದರೆ ಅವುಗಳ ಸ್ವಭಾವ ಒಂದಿಷ್ಟು ಅರ್ಥವಾಗುತ್ತದೆ. ಮೂರೂ ಲ್ಯಾಟಿನ್ ಮೂಲದವು. ‘ಸರ್ಟನ್’ ಬಂದಿರುವುದು ಬೇರ್ಪಡಿಸು, ಜರಡಿ ಹಿಡಿ ಎಂಬ ಅರ್ಥದ ಧಾತುವಿನಿಂದ. ಹೊಟ್ಟು ಹೋಗಿ ಉಳಿದದ್ದು ನಿಶ್ಚಿತ. ‘ಡೆಫಿನಿಟ್’ನೊಳಗೆ ಇರುವುದು ಎಲ್ಲೆ, ಗಡಿ ಎಂಬ ಅರ್ಥದ ‘ಫೀನಿಸ್’. ಎಲ್ಲೆ ಗುರುತಿಸಿದ್ದು ನಿರ್ದಿಷ್ಟ. ‘ಶ್ಯೂರ್’ ಮಾತ್ರ ‘ಸೆಕೂರುಸ್’ ಎಂಬ ಪದ ಫ್ರೆಂಚಿನಲ್ಲಿ ಸವೆದು ಬಂದ ರೂಪ. ‘ಸೆ’ ಎಂದರೆ ಇಲ್ಲದೆ, ‘ಕೂರಾ’ ಎಂದರೆ ಚಿಂತೆ. ನಮ್ಮ ‘ನಿಶ್ಚಿಂತ’ ಎಂಬ ಪದವನ್ನು ಹೇಗೆ ಕಟ್ಟಿದ್ದಾರೋ ಹಾಗೆಯೇ ಕಟ್ಟಿದ ಪದ. ಅದೇ ಲ್ಯಾಟಿನ್ ಪದವನ್ನು ಇಂಗ್ಲಿಷ್ ಮುಂದೆ ನೇರವಾಗಿ ಮತ್ತೊಮ್ಮೆ ತೆಗೆದುಕೊಂಡು ‘ಸೆಕ್ಯೂರ್’ ಎಂದು ಇಟ್ಟುಕೊಂಡಿತು. ಜರಡಿ ಹಿಡಿಯುವುದೂ ಎಲ್ಲೆ ಗುರುತಿಸುವುದೂ ವಿಷಯಕ್ಕೆ ಮಾಡುವ ಕೆಲಸ. ಚಿಂತೆ ಇಲ್ಲದಿರುವುದು ಹೇಳುವವನ ಮನಸ್ಸಿನ ಸ್ಥಿತಿ. ‘ಶ್ಯೂರ್ಲಿ’ ಮಾತ್ರ ಹೇಳುವವನ ನಿರೀಕ್ಷೆಯ ಕಡೆಗೆ ವಾಲಿದ್ದಕ್ಕೆ ಇದೇ ಕಾರಣವೆಂದು ಸಾಧಿಸಲು ಬರುವುದಿಲ್ಲವಾದರೂ, ಹೊಂದಿಕೆ ಚೆನ್ನಾಗಿದೆ ಎಂದಷ್ಟೇ ನಾನು ಹೇಳಿಯೇನು.

ಆ ಪದದ ಹಳೆಯ ಅರ್ಥ, ಅಂದರೆ ಭದ್ರವಾಗಿ, ಎಡವದೆ ಎಂಬುದು, ಇಂದು ‘ಸ್ಲೋಲಿ ಬಟ್ ಶ್ಯೂರ್ಲಿ’ ಎಂಬ ಜೋಡಿಯಲ್ಲಿ ಉಳಿದುಕೊಂಡಿದೆ. ಅಲ್ಲಿ ‘ಶ್ಯೂರ್ಲಿ’ಗೆ ಅನುಮಾನದ ಸೋಂಕಿಲ್ಲ; ಹೆಜ್ಜೆ ನಿಧಾನ, ಆದರೆ ಹೆಜ್ಜೆ ಜಾರುವುದಿಲ್ಲ. 1611ರಲ್ಲಿ ಹೊರಬಂದ ಕಿಂಗ್ ಜೇಮ್ಸ್ ಬೈಬಲ್ಲಿನ ಜ್ಞಾನೋಕ್ತಿಗಳಲ್ಲಿ, ನೆಟ್ಟಗೆ ನಡೆಯುವವನು ‘ವಾಕೆತ್ ಶ್ಯೂರ್ಲಿ’ ಎಂಬ ಮಾತಿದೆ. ಅವನು ಖಂಡಿತವಾಗಿ ನಡೆಯುತ್ತಾನೆ ಎಂದಲ್ಲ, ನಿರ್ಭಯವಾಗಿ ನಡೆಯುತ್ತಾನೆ ಎಂದರ್ಥ.

ಅದೇ ಬೈಬಲ್ಲಿನಲ್ಲಿ ‘ಶ್ಯೂರ್ಲಿ’ಯ ಇನ್ನೊಂದು ಮುಖವಿದೆ, ಮತ್ತು ಕನ್ನಡಿಗರು ನೋಡಲೇಬೇಕಾದದ್ದು ಅದು. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಆದಾಮನಿಗೆ, ಆ ಮರದ ಹಣ್ಣನ್ನು ತಿಂದ ದಿನ ‘ದೌ ಶಾಲ್ಟ್ ಶ್ಯೂರ್ಲಿ ಡೈ’ ಎನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ ಸರ್ಪ ಬಂದು ‘ಯೀ ಶಲ್ ನಾಟ್ ಶ್ಯೂರ್ಲಿ ಡೈ’ ಎಂದು ಅದೇ ಮಾತನ್ನು ತಿರುವಿ ಹೇಳುತ್ತದೆ. ಮೂಲ ಹೀಬ್ರೂವಿನಲ್ಲಿ ಇಲ್ಲಿ ‘ಖಂಡಿತ’ ಎಂಬರ್ಥದ ಪದವೇ ಇಲ್ಲ. ‘ಮೋತ್ ತಾಮೂತ್’ ಎಂದು ಸಾಯು ಎಂಬ ಧಾತುವೇ ಎರಡು ಸಲ ಬಂದಿದೆ. ಕ್ರಿಯಾಪದಕ್ಕೆ ಅದೇ ಧಾತುವಿನ ಇನ್ನೊಂದು ರೂಪವನ್ನು ಜೋಡಿಸಿ ಒತ್ತು ಕೊಡುವುದು ಹೀಬ್ರೂವಿನ ಪದ್ಧತಿ. ಇಂಗ್ಲಿಷಿಗೆ ಹಾಗೆ ಹೇಳುವ ಸೌಕರ್ಯವಿಲ್ಲದ್ದರಿಂದ ಅನುವಾದಕರು ‘ಶ್ಯೂರ್ಲಿ’ಯನ್ನು ತಂದು ಕೂರಿಸಿದರು. ಕನ್ನಡಕ್ಕಾದರೋ ಆ ಸೌಕರ್ಯ ಧಾರಾಳವಾಗಿದೆ: ಸತ್ತೇ ಸಾಯುತ್ತೀ. ಬಂದೇ ಬರುತ್ತೇನೆ, ಮಾಡಿಯೇ ಮಾಡುತ್ತಾನೆ, ಗೆದ್ದೇ ಗೆಲ್ಲುತ್ತೇವೆ ಎಂದು ನಾವು ದಿನವೂ ಆಡುವ ಮಾತಿನ ಕಟ್ಟಡವೂ ಆ ಪ್ರಾಚೀನ ಸೆಮಿಟಿಕ್ ಭಾಷೆಯ ಕಟ್ಟಡವೂ ಇಷ್ಟು ಹತ್ತಿರವಿರುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ. ನಮ್ಮಲ್ಲಿ ಒತ್ತಿನ ಮುಕ್ಕಾಲು ಭಾಗವನ್ನು ಹೊರುವುದು ‘ಏ’ ಎಂಬ ಒಂದೇ ಸ್ವರ, ಶಾಲೆಯ ವ್ಯಾಕರಣದಲ್ಲಿ ಅವಧಾರಣಾರ್ಥಕ ಅವ್ಯಯವೆಂದು ಓದಿ ಮರೆತದ್ದು. ‘ಬರುತ್ತೇನೆ’, ‘ಖಂಡಿತ ಬರುತ್ತೇನೆ’, ‘ಬಂದೇ ಬರುತ್ತೇನೆ’ ಎಂಬ ಮೂರರಲ್ಲಿ ಎಲೆಯ ಲೆಕ್ಕಕ್ಕೆ ಸೇರಿಸಬಹುದಾದದ್ದು ಮೂರನೆಯದು ಮಾತ್ರ.

ಹದಿನೇಳನೆಯ ಶತಮಾನದ ಆ ದೃಢವಾದ ‘ಶ್ಯೂರ್ಲಿ’ ಮತ್ತು ಇಂದಿನ ಅಳುಕಿನ ‘ಶ್ಯೂರ್ಲಿ’ ಇವೆರಡರ ನಡುವಿನ ದೂರವನ್ನು ಒಂದೇ ಕಡೆ ಕಾಣಬೇಕೆಂದರೆ ಐರಿಷ್ ಕವಿ ಯೇಟ್ಸ್ 1920ರಲ್ಲಿ ಪ್ರಕಟಿಸಿದ ‘ದ ಸೆಕೆಂಡ್ ಕಮಿಂಗ್’ ಕವನವನ್ನು ನೋಡಬೇಕು. ಮೊದಲ ಮಹಾಯುದ್ಧದ ಬೆನ್ನಿಗೇ ಬರೆದ ಆ ಕವನದ ಎರಡನೆಯ ಭಾಗದಲ್ಲಿ ಒಂದರ ಹಿಂದೊಂದು ಬರುವ ಎರಡು ಸಾಲುಗಳು ‘ಶ್ಯೂರ್ಲಿ’ ಎಂದೇ ಆರಂಭವಾಗುತ್ತವೆ. ದರ್ಶನವೊಂದು ಸಮೀಪಿಸಿರಲೇಬೇಕು, ಕ್ರಿಸ್ತನ ಎರಡನೆಯ ಆಗಮನ ಸಮೀಪಿಸಿರಲೇಬೇಕು ಎಂದು. ಪದ ಬೈಬಲ್ಲಿನ ಗಾಂಭೀರ್ಯದ್ದೇ, ಆದರೆ ಅದನ್ನು ಎರಡು ಸಲ ಹೇಳಬೇಕಾಗಿ ಬಂದಿದೆ, ಕವನವು ಕೊನೆಯಾಗುವುದೂ ಪ್ರಶ್ನಾರ್ಥಕ ಚಿಹ್ನೆಯಲ್ಲಿ. ಇದನ್ನು ಕನ್ನಡಕ್ಕೆ ತರುವವರು ‘ಖಂಡಿತ’ ಎಂದು ಹಾಕಿದರೆ ಕವಿ ಪ್ರವಾದಿಯಾಗುತ್ತಾನೆ, ‘ಇರಲೇಬೇಕು’ ಎಂದು ಹಾಕಿದರೆ ತತ್ತರಿಸಿದ ಮನುಷ್ಯನಾಗಿ ಉಳಿಯುತ್ತಾನೆ. ನನಗೆ ಎರಡನೆಯದೇ ಸರಿ ಕಾಣುತ್ತದೆ.

ಗದ್ಯದಲ್ಲಿ ಇದರ ಪ್ರಸಿದ್ಧ ಉದಾಹರಣೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ 1985ರ ನೆನಪುಗಳ ಪುಸ್ತಕದ ಹೆಸರು: ‘ಶ್ಯೂರ್ಲಿ ಯು ಆರ್ ಜೋಕಿಂಗ್, ಮಿಸ್ಟರ್ ಫೈನ್‌ಮನ್!’ ಪ್ರಿನ್ಸ್‌ಟನ್ನಿಗೆ ಹೊಸದಾಗಿ ಬಂದ ಫೈನ್‌ಮನ್ ಡೀನ್ ಅವರ ಚಹಾಕೂಟಕ್ಕೆ ಹೋದಾಗ, ಚಹಾಕ್ಕೆ ಕೆನೆಯೋ ನಿಂಬೆಯೋ ಎಂದು ಡೀನ್ ಅವರ ಪತ್ನಿ ಕೇಳಿದರು. ಎರಡೂ ಇರಲಿ ಎಂದರು ಫೈನ್‌ಮನ್. ಆಗ ಆ ಗೃಹಿಣಿಯ ಬಾಯಿಂದ ಬಂದದ್ದೇ ಈ ವಾಕ್ಯ. ಅವನು ತಮಾಷೆ ಮಾಡುತ್ತಿದ್ದಾನೆಂಬ ಖಾತ್ರಿ ಆಕೆಗೆ ಇರಲಿಲ್ಲ. ತಮಾಷೆಯಾಗಿದ್ದರೆ ಒಳ್ಳೆಯದಿತ್ತು ಎಂಬ ಆಸೆ ಇತ್ತು. ‘ತಮಾಷೆ ಮಾಡ್ತಿದೀರಿ ತಾನೆ?’ ಎಂಬುದೇ ಇದಕ್ಕೆ ತಕ್ಕ ಕನ್ನಡ. ಇದೇ ಧಾಟಿಯ ಇನ್ನೊಂದು ವಾಕ್ಯದ ಮೇಲೆ 1980ರ ‘ಏರ್‌ಪ್ಲೇನ್!’ ಚಿತ್ರದ ಹೆಸರಾಂತ ನಗೆಮಾತು ನಿಂತಿದೆ. ‘ಶ್ಯೂರ್ಲಿ ಯು ಕಾಂಟ್ ಬಿ ಸೀರಿಯಸ್’ ಎಂದಾಗ ಲೆಸ್ಲಿ ನೀಲ್ಸನ್ ಮುಖದಲ್ಲಿ ನಗೆಯ ಸುಳಿವೇ ಇಲ್ಲದೆ, ನಾನು ಸೀರಿಯಸ್ಸೇ, ಮತ್ತು ನನ್ನನ್ನು ಶರ್ಲಿ ಎಂದು ಕರೆಯಬೇಡಿ ಎನ್ನುತ್ತಾರೆ. ಅಮೆರಿಕದ ಉಚ್ಚಾರಣೆಯಲ್ಲಿ ‘ಶ್ಯೂರ್ಲಿ’ ಬಹುತೇಕ ‘ಶರ್ಲಿ’ ಎಂಬ ಹೆಣ್ಣಿನ ಹೆಸರಿನಂತೆಯೇ ಕೇಳುತ್ತದೆ. ನಮ್ಮಂತೆ ಸ್ಪಷ್ಟವಾಗಿ ‘ಶ್ಯೂ’ ಎನ್ನುವವರಿಗೆ ಈ ನಗೆ ಅರ್ಧ ನಿಮಿಷ ತಡವಾಗಿ ಬರುತ್ತದೆ.

ವಾದ ಮಾಡುವವರ ಕೈಯಲ್ಲಿ ಈ ಪದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಚೆನ್ನಾಗಿ ಗುರುತಿಸಿದವರು ಅಮೆರಿಕದ ತತ್ತ್ವಜ್ಞಾನಿ ಡೇನಿಯಲ್ ಡೆನೆಟ್. ತಮ್ಮ 2013ರ ಪುಸ್ತಕವೊಂದರಲ್ಲಿ ಅವರು, ತಾತ್ತ್ವಿಕ ಬರಹವನ್ನು ಓದುವಾಗ ‘ಶ್ಯೂರ್ಲಿ’ ಕಂಡಲ್ಲೆಲ್ಲ ಒಂದು ಗಂಟೆ ಬಾರಿಸಿದಂತೆ ಎಚ್ಚರಗೊಳ್ಳಿ ಎಂದು ಓದುಗರಿಗೆ ಸಲಹೆ ಕೊಡುತ್ತಾರೆ. ಎಲ್ಲರೂ ಒಪ್ಪುವ ಮಾತಾದರೆ ಲೇಖಕ ಆ ಪದವನ್ನು ಸೇರಿಸುವ ಅಗತ್ಯವಿರಲಿಲ್ಲ, ಸಾಕ್ಷ್ಯವಿದ್ದಿದ್ದರೆ ಸಾಕ್ಷ್ಯವನ್ನೇ ಕೊಡುತ್ತಿದ್ದ. ಎರಡೂ ಇಲ್ಲದ ಕಡೆ, ಓದುಗ ಹೂಂ ಎಂದುಬಿಡಲಿ ಎಂಬ ಆಸೆಯಿಂದ ಈ ಪದ ಬಂದಿರುತ್ತದೆ. ಎಲ್ಲ ಸಲವೂ ಹೀಗೆಯೇ ಎಂದು ಡೆನೆಟ್ ಹೇಳುವುದಿಲ್ಲ, ಆದರೆ ವಾದದ ದುರ್ಬಲ ಕೊಂಡಿ ಹಲವು ಸಲ ಅಲ್ಲಿಯೇ ಇರುತ್ತದೆ ಎಂಬುದು ಅವರ ಅನುಭವ. ಕನ್ನಡದ ಸಂಪಾದಕೀಯಗಳಲ್ಲಿ ‘ಹೇಳಬೇಕಾಗಿಲ್ಲ’, ‘ಎಲ್ಲರಿಗೂ ತಿಳಿದಿರುವಂತೆ’ ಎಂಬ ಮಾತುಗಳು ಕಂಡಾಗ ನಾನೂ ಸ್ವಲ್ಪ ನಿಂತು ಓದುತ್ತೇನೆ.

ಖಾತ್ರಿಯನ್ನು ಅಳೆದು ಹೇಳಬೇಕಾದವರು ‘ಶ್ಯೂರ್ಲಿ’ಯನ್ನು ಹತ್ತಿರ ಸೇರಿಸುವುದಿಲ್ಲ ಎಂಬುದೂ ಗಮನಾರ್ಹ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದ ಶೆರ್ಮನ್ ಕೆಂಟ್ 1964ರಲ್ಲಿ ಬರೆದ ಲೇಖನದಲ್ಲಿ ಇಂಥ ಪದಗಳಿಗೆ ಶೇಕಡಾವಾರು ಬೆಲೆ ಕಟ್ಟಲು ಹೊರಟರು. ‘ಆಲ್ಮೋಸ್ಟ್ ಸರ್ಟನ್’ (ಬಹುತೇಕ ಖಚಿತ) ಎಂದರೆ ಶೇ. 93ರ ಆಸುಪಾಸು ಎಂದು ಅವರ ಪಟ್ಟಿಯಲ್ಲಿತ್ತು. ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಡುವ ಐಪಿಸಿಸಿಯ ಪಟ್ಟಿಯಲ್ಲಿ ‘ವರ್ಚುಅಲಿ ಸರ್ಟನ್’ ಎಂದರೆ ಶೇ. 99ಕ್ಕಿಂತ ಹೆಚ್ಚು. ಎರಡರಲ್ಲೂ ‘ಸರ್ಟನ್’ ಇದೆ, ‘ಶ್ಯೂರ್ಲಿ’ಗೆ ಜಾಗವಿಲ್ಲ. ಆದರೆ ಅದರ ಮೂಲಪದವಾದ ‘ಶ್ಯೂರ್’ ಎಂಬ ವಿಶೇಷಣಕ್ಕೆ ಬೇರೆಯದೇ ತೂಕವಿದೆ: ಇಂಗ್ಲೆಂಡಿನ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ನ್ಯಾಯಾಧೀಶರು ಈಗ ಜ್ಯೂರಿಗೆ, ಆರೋಪಿ ಅಪರಾಧ ಮಾಡಿದ್ದಾನೆಂದು ನಿಮಗೆ ‘ಶ್ಯೂರ್’ ಆಗಿದ್ದರೆ ಮಾತ್ರ ತಪ್ಪಿತಸ್ಥನೆಂದು ಹೇಳಿ ಎಂದು ಸೂಚಿಸುತ್ತಾರೆ. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸುವಷ್ಟು ಭಾರ ಹೊರುವ ಪದಕ್ಕೆ ಎರಡಕ್ಷರದ ಬಾಲ ಅಂಟಿಸಿದೊಡನೆ ಅದು ಅನುಮೋದನೆ ಬೇಡುವ ಪದವಾಗುವುದು ಇಂಗ್ಲಿಷಿನ ವಿಚಿತ್ರಗಳಲ್ಲಿ ಒಂದು.

‘ಸರ್ಟನ್ಲಿ’ಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದು ಬಹುಮಟ್ಟಿಗೆ ನಂಬಿಕಸ್ಥ ಪದ, ಆದರೆ ‘ಇಟ್ ಈಸ್ ಸರ್ಟನ್ಲಿ ಚೀಪ್’ ಎಂದು ಯಾರಾದರೂ ಬರೆದರೆ ಹಿಂದೆಯೇ ಒಂದು ‘ಬಟ್’ ಬರುತ್ತದೆಂದು ತಿಳಿಯಬೇಕು. ಕನ್ನಡದ ‘ಅಗ್ಗವೇನೋ ಹೌದು’ ಎಂಬುದು ಇದೇ. ‘ಹುಡುಗ ಓದುವುದೇನೋ ಓದುತ್ತಾನೆ’ ಎಂದು ಮೇಷ್ಟ್ರು ಹೇಳಿದರೆ ತಂದೆತಾಯಿಗಳ ಎದೆ ಧಸಕ್ಕೆನ್ನುವುದು ‘ಏನೋ’ ಎಂಬಲ್ಲಿ. ‘ಡೆಫಿನೆಟ್ಲಿ’ಗೆ ಅಂಥ ಒಳಸುಳಿಗಳಿಲ್ಲ, ಅದರ ತೊಂದರೆಯೆಲ್ಲ ಕಾಗುಣಿತದಲ್ಲಿ. ನಡುವೆ ‘ಐ’ ಇರಬೇಕಾದ ಕಡೆ ‘ಎ’ ಬರೆಯುವವರು ಇಂಗ್ಲೆಂಡಿನಲ್ಲೂ ಬೇಕಾದಷ್ಟು ಜನ ಇದ್ದಾರೆ.

ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ‘ಶ್ಯೂರ್ಲಿ’ ಕಂಡಾಗ ಮೊದಲು ನೋಡುವುದು ಅದರ ಜಾಗವನ್ನು. ವಾಕ್ಯದ ಮೊದಲಲ್ಲಿ ಇದ್ದು, ಬರೆದವರಿಗೆ ನಿಜಕ್ಕೂ ಆಶ್ಚರ್ಯವೋ ಆಕ್ಷೇಪವೋ ಇದ್ದರೆ ಹಾಗೆಯೇ ಬಿಡುತ್ತೇನೆ, ಜೊತೆಗೆ ಇದು ಓದುವವರಿಗೆ ಚುಚ್ಚುತ್ತದೆ, ಪರವಾಗಿಲ್ಲವೇ ಎಂದು ಅಂಚಿನಲ್ಲಿ ಕೇಳುತ್ತೇನೆ. ಪರವಾಗಿಲ್ಲ, ಚುಚ್ಚಲಿ ಎಂದು ಬರೆದು ಕಳಿಸಿದವರೂ ಇದ್ದಾರೆ. ‘ವಿಲ್’ ಪಕ್ಕದಲ್ಲಿ ಮಾತು ಕೊಡಲೆಂದು ಬಂದಿದ್ದರೆ, ‘ಡೆಫಿನೆಟ್ಲಿ’ ಎಂದು ಬದಲಿಸುವುದು ಸುಲಭದ ದಾರಿ. ಆದರೆ ರಿಫಂಡಿನಂಥ ಪತ್ರಗಳಲ್ಲಿ ನಾನು ಅದನ್ನೂ ಮಾಡುವುದಿಲ್ಲ. ಹಣ ಯಾವ ತಾರೀಖಿನೊಳಗೆ, ಯಾವ ಖಾತೆಗೆ ಬರುತ್ತದೆ ಎಂದು ಬರೆದವರನ್ನೇ ಕೇಳಿ ಅದನ್ನು ವಾಕ್ಯದಲ್ಲಿ ಸೇರಿಸುತ್ತೇನೆ, ಕ್ರಿಯಾವಿಶೇಷಣವನ್ನು ಹೊಡೆದುಹಾಕುತ್ತೇನೆ. ತಾರೀಖು ಹೇಳಲು ಅವರು ಹಿಂದೆಮುಂದೆ ನೋಡಿದರೆ ‘ಶ್ಯೂರ್ಲಿ’ಯನ್ನು ಇದ್ದಲ್ಲೇ ಇರಗೊಡುತ್ತೇನೆ, ಅಲ್ಲಿ ಅದು ತನ್ನ ಬ್ರಿಟಿಷ್ ಅರ್ಥದಲ್ಲಿ ಸರಿಯಾಗಿಯೇ ಕೂತಿರುತ್ತದೆ.